ಓದಿ ಹೇಳದ ಕಾಗದ

ಆ ಮಂಗಳವಾರ ಹನ್ನೊಂದು ಗಂಟೆಗೆ ಐದು ನಿಮಿಷ ಇರುವಾಗ ನಾನು ನಮ್ಮ ಶಾಲೆಯ ಜಗುಲಿಯಲ್ಲಿ, ಕೊಠಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಮಕ್ಕಳನ್ನು ಆಟಕ್ಕೆ ಬಿಡುವ ಗಂಟೆ ಹೊಡೆಯಬೇಕೆಂದು ಗಡಿಯಾರ ನೋಡಿದ್ದರಿಂದ ಸಮಯ ನೆನಪಿದೆ. ಕಂದಾಯ ಇಲಾಖೆಯ ಗುಮಾಸ್ತರು ಕುಳಿತಿದ್ದ ಮೇಜು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಎಷ್ಟೋ ಸಲ ಆ ನಾಲ್ಕು ಹೆಜ್ಜೆಗಳನ್ನು ನಡೆದು ನೋಡಿದ್ದೇನೆ. ಮೇಜಿನ ಮೇಲಿದ್ದ ಕಾಗದವನ್ನು ಅಲ್ಲಿಂದ ಓದಲು ಆಗುವುದಿಲ್ಲ. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಆಗುತ್ತಿತ್ತು.

ಶಾಲೆ ಇರುವುದು ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಎರಡು ಎಸ್ಟೇಟ್ ದಾಟಿದ ಮೇಲೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಅಲ್ಲೇ ಬದುಕಬೇಕಾಗಿದೆ. ನಾನು ಆ ಶಾಲೆಗೆ ಒಬ್ಬನೇ ಮೇಷ್ಟ್ರು. ಒಂದರಿಂದ ಐದರವರೆಗೆ ಹತ್ತೊಂಬತ್ತು ಮಕ್ಕಳು.

ಅದಕ್ಕೆ ಆರು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸವನ್ನೂ ನನಗೆ ಹಚ್ಚಿದ್ದರು. ಹದಿನಾಲ್ಕು ಹೆಂಗಸರು. ಎಲ್ಲರೂ ತೋಟದ ಕೆಲಸದವರು. ಸಂಜೆ ಐದೂವರೆಗೆ ಕೆಲಸ ಬಿಟ್ಟು ನೇರ ಶಾಲೆಗೆ ಬಂದು, ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂರುತ್ತಿದ್ದರು. ಮೊದಲ ಎರಡು ತಿಂಗಳು ಕೆಲಸ ಸರಿಯಾಗಿಯೇ ನಡೆಯಿತು. ವಾರಕ್ಕೆ ಎರಡು ಅಕ್ಷರ, ಹಿಂದಿನ ವಾರದ ಎರಡರ ಜೊತೆ ಕೂಡಿಸಿ ಒಂದು ಪದ. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾದ ಮೇಲೆ ಎಲ್ಲ ಕೆಟ್ಟಿತು. ಬೆರಳಿಗೆ ಅಂಟು ಮೆತ್ತಿಕೊಂಡು, ಹಿಡಿದ ಸ್ಲೇಟಿಗೂ ಅದನ್ನೇ ಹಚ್ಚಿ, ಹತ್ತು ನಿಮಿಷದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಎಬ್ಬಿಸಲು ನನಗೆ ಮನಸ್ಸಾಗುತ್ತಿರಲಿಲ್ಲ.

ಜನವರಿಯಲ್ಲಿ ಸಾಕ್ಷರತೆ ಯೋಜನೆಯ ಮೇಲ್ವಿಚಾರಕರು ಬೈಕಿನಲ್ಲಿ ಬಂದರು. ಹಾಜರಿ ಪುಸ್ತಕ ತಿರುವಿ ಹಾಕಿ ಕೇಳಿದರು:

"ಎಷ್ಟು ಜನಕ್ಕೆ ಸಹಿ ಬರ್ತದೆ ಮೇಷ್ಟ್ರೆ?"

"ಇಬ್ಬರಿಗೆ ಸರ್. ಉಳಿದವರಿಗೆ ಅರ್ಧ ಅಕ್ಷರಮಾಲೆ ಆಗಿದೆ. ಇನ್ನೊಂದು ವರ್ಷ ಕೊಟ್ಟರೆ..."

"ವರ್ಷ ಯಾರು ಕೊಡ್ತಾರೆ ಮಾರಾಯ್ರೆ? ಫೆಬ್ರವರಿಯಲ್ಲಿ ಪರೀಕ್ಷೆ. ನಮ್ಮ ಹೋಬಳಿಯಲ್ಲಿ ಒಂದು ಹೆಬ್ಬೆಟ್ಟೂ ಇರಬಾರ್ದು ಅಂತ ಮೇಲಿಂದ ಹೇಳಿದಾರೆ. ಅಕ್ಷರಮಾಲೆ ಬಿಡಿ, ಸಹಿ ಕಲಿಸಿ. ಸಹಿ ಬಂತೋ, ಸಾಕ್ಷರ."

ಅಂದಿನಿಂದ ನಾನು ಸಹಿ ಕಲಿಸಿದೆ. ಅದಕ್ಕೊಂದು ಉಪಾಯವನ್ನೂ ಹುಡುಕಿದೆ, ಅದರ ಬಗ್ಗೆ ಆಗ ಹೆಮ್ಮೆಯೂ ಇತ್ತು. ಈ ಹೆಂಗಸರೆಲ್ಲ ರಂಗೋಲಿಯಲ್ಲಿ ಪಳಗಿದವರು. ಪ್ರತಿಯೊಬ್ಬಳ ಹೆಸರನ್ನೂ ಚುಕ್ಕಿಗಳಾಗಿ ಒಡೆದು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಸುತ್ತಬೇಕೆಂದು ತೋರಿಸಿದೆ. ಎರಡೇ ವಾರದಲ್ಲಿ ಹದಿಮೂರು ಜನರಿಗೆ ಸಹಿ ಬಂತು. ಮೊದಲು ಕಲಿತಿದ್ದ ಅಕ್ಷರಗಳು ಆ ಹೊತ್ತಿಗೆ ಮರೆತುಹೋಗಿದ್ದವು, ಅವರಿಗೆ ಬಂದದ್ದು ಒಂದು ಚಿತ್ರ. ಆ ಚಿತ್ರದೊಳಗಿನ ಒಂದು ಅಕ್ಷರವನ್ನು ಬಿಡಿಸಿ ಬೇರೆ ಕಡೆ ಬರೆದು ತೋರಿಸಿದರೆ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ಅವರಲ್ಲಿ ಒಬ್ಬಳ ವಿಷಯ ಹೇಳಬೇಕು. ಶಾಲೆಯಿಂದ ಮೇಲಕ್ಕೆ ಹತ್ತುವ ದಾರಿಯ ಕೊನೆಯ ಮನೆ ಅವಳದು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗಳು ನನ್ನ ಶಾಲೆಯಲ್ಲೇ ನಾಲ್ಕನೇ ತರಗತಿ. ಸರ್ಕಾರಿ ಜಾಗದಲ್ಲಿ ಗಂಡ ಹೆಂಡತಿ ಸೇರಿ ಕಟ್ಟಿಕೊಂಡ, ತಗಡು ಹೊದೆಸಿದ ಎರಡು ಕೋಣೆಯ ಮನೆ. ಅದನ್ನು ತನ್ನ ಹೆಸರಿಗೆ ಸಕ್ರಮ ಮಾಡಿಕೊಡಿ ಎಂದು ಅವಳು ಹಾಕಿದ್ದ ಅರ್ಜಿ ಕಚೇರಿಯಲ್ಲಿತ್ತು. ಹದಿನಾಲ್ಕು ಜನರಲ್ಲಿ ಅವಳಷ್ಟು ಆಸೆಯಿಂದ ಕಲಿತವರು ಇಲ್ಲ. ಕಣದಲ್ಲಿ ಒಣಹಾಕಿದ ಕಾಫಿ ಹಣ್ಣಿನ ಮೇಲೆ ಬೆರಳಿನಿಂದ ತನ್ನ ಹೆಸರಿನ ಮೂರಕ್ಷರ ಎಳೆಯುತ್ತಿದ್ದಳಂತೆ. ಮೇಸ್ತ್ರಿ ಬೈದು, ಹಣ್ಣು ಹರಡುವ ಹಲುಬೆಯನ್ನು ಅದರ ಮೇಲೆ ಎಳೆದು ಅಳಿಸುತ್ತಿದ್ದನಂತೆ. ಅವಳ ನೆನಪಿನ ಶಕ್ತಿ ದೊಡ್ಡದು. ತರಗತಿಯ ಕೊನೆಗೆ ನಾನು ಪಾಠ ಓದಿ, ಅವರಿಂದ ಹೇಳಿಸುತ್ತಿದ್ದೆ. ಹಾಗೆ ಕೇಳಿ ಕೇಳಿಯೇ ಅವಳಿಗೆ ಪುಸ್ತಕದ ಮೊದಲ ಆರು ಪಾಠ ಬಾಯಿಗೆ ಬಂದಿತ್ತು. ಚಿತ್ರ ನೋಡಿ ಯಾವ ಪುಟವೆಂದು ತಿಳಿದುಕೊಂಡು, ಪುಸ್ತಕ ಹಿಡಿದು ಗಟ್ಟಿಯಾಗಿ ಹೇಳುತ್ತಿದ್ದಳು. ಅದು ಓದು ಅಲ್ಲವೆಂದು ನಾನು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಕೇಳುವುದಕ್ಕೆ ಚೆನ್ನಾಗಿತ್ತು.

ಹದಿನಾಲ್ಕನೆಯವಳು ಅವಳ ಪಕ್ಕದ ಮನೆಯ ಅಜ್ಜಿ. ಸಹಿ ಕಲಿಯಲು ಒಪ್ಪಲೇ ಇಲ್ಲ.

"ನನ್ನ ಹೆಬ್ಬೆಟ್ಟು ದೇವ್ರು ಬರೆದಿದ್ದು ಮೇಷ್ಟ್ರೆ. ನಿಮ್ಮ ಸಹಿ ಆದ್ರೆ ಯಾರು ಬೇಕಾದ್ರೂ ಕದೀಬೋದು. ಇದನ್ನ ಕದೀಬೇಕಾದ್ರೆ ಕೈನೇ ಕಡ್ಕೊಂಡ್ ಹೋಗ್ಬೇಕು."

"ಹಂಗಾದ್ರೆ ದಿನಾ ಬರೋದ್ಯಾಕಜ್ಜಿ?"

"ಇಲ್ಲಿ ಕರೆಂಟ್ ಇರ್ತದಲ್ಲ."

ಪರೀಕ್ಷೆ ನಡೆಯಿತು. ಉತ್ತರ ಪತ್ರಿಕೆಗಳ ಮೇಲೆ ಹದಿಮೂರು ಜನ ಸಹಿ ಹಾಕಿದರು. ಒಳಗಿನ ಉತ್ತರಗಳನ್ನು ಮರುದಿನ ಭಾನುವಾರ ನಾನು ಬರೆದೆ. ಮೂರು ಪೆನ್ನು ಬಳಸಿದೆ. ಕೆಲವನ್ನು ಎಡಗೈಯಲ್ಲಿ ಬರೆದೆ. 'ಓದಲು, ಬರೆಯಲು, ಸರಳ ಲೆಕ್ಕ ಮಾಡಲು ಬಲ್ಲರು' ಎಂದು ಅಚ್ಚಾದ ಪ್ರಮಾಣಪತ್ರಗಳು ಬಂದವು. ಹದಿಮೂರಕ್ಕೂ ನನ್ನ ಸಹಿ ಇದೆ.

ಮಾರ್ಚಿನ ಆ ಮಂಗಳವಾರ ಶಾಲೆಯ ಜಗುಲಿಯಲ್ಲಿ ಕಂದಾಯ ಶಿಬಿರವಿತ್ತು. ಸಕ್ರಮಕ್ಕೆ ಅರ್ಜಿ ಹಾಕಿದವರೆಲ್ಲ ಬಂದಿದ್ದರು. ಗುಮಾಸ್ತರ ಪಕ್ಕದಲ್ಲಿ ಮೇಲಿನ ಎಸ್ಟೇಟಿನ ರೈಟರ್ ಒಂದು ಫೈಲು ಹಿಡಿದು ಕೂತಿದ್ದರು. ರೈಟರ್ ಎಂದರೆ ಎಸ್ಟೇಟಿನ ಕಾಗದಪತ್ರ ನೋಡುವವರು. ತೋಟದವರಿಗೆ ಯಾವ ಅರ್ಜಿ ಬರೆಯಬೇಕಾದರೂ ಅವರೇ. ಆ ಎಸ್ಟೇಟಿನ ಯಜಮಾನರು ಗುಡ್ಡದ ನೆತ್ತಿಯಲ್ಲಿ ಹೋಂಸ್ಟೇ ಕಟ್ಟಿಸುತ್ತಿದ್ದರು. ಕಾರು ಹತ್ತಲು ದಾರಿ ಬೇಕಿತ್ತು. ಹತ್ತಿರದ ದಾರಿ ಆ ಕೊನೆಯ ಎರಡು ಮನೆಗಳ ಮೇಲೆ ಹೋಗುತ್ತಿತ್ತು. ಇದು ನಮಗೆಲ್ಲ ಗೊತ್ತಿದ್ದ ವಿಷಯ.

ರೈಟರ್ ಕೊನೆಯ ಮನೆಯವಳನ್ನು ಕರೆದರು. "ಬಾ ಮಾರಾಯ್ತಿ, ನಿಂದೇ ಮೊದ್ಲು. ಅಳತೆಗೆ ಬರ್ತಾರೆ, ಅದಕ್ಕೊಂದು ಒಪ್ಪಿಗೆ. ಇಲ್ಲಿ ಹೆಬ್ಬೆಟ್ಟು ಒತ್ತು."

"ಹೆಬ್ಬೆಟ್ಟೆಂತಕ್ಕೆ? ನಂಗೆ ಸಹಿ ಬರ್ತದೆ."

"ಹೌದಾ! ಭಾರಿ ಆದ್ಯಲ್ಲ! ಹಾಕು ಹಾಗಿದ್ರೆ."

ಕಾಗದ ರೈಟರ್ ಕಡೆಗೆ ಮುಖ ಮಾಡಿತ್ತು. ಅವಳು ಮೇಜಿನ ಈಚೆ ನಿಂತಿದ್ದಳು. ಅವರು ಬೆರಳಿಟ್ಟ ಜಾಗದಲ್ಲಿ, ನಾಲಿಗೆಯ ತುದಿ ಕಚ್ಚಿಕೊಂಡು, ನಿಧಾನವಾಗಿ ಸಹಿ ಹಾಕಿದಳು. ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಕೈಯೆತ್ತಿ 'ಶಾಭಾಸ್' ಎಂಬಂತೆ ಸನ್ನೆ ಮಾಡಿದೆ. ಗುಮಾಸ್ತರು ಕಾಗದಕ್ಕೆ ಠಸ್ಸೆ ಹೊಡೆದು, ಸ್ವೀಕೃತಿ ಪುಸ್ತಕದಲ್ಲಿ ನಂಬರು ಬರೆದರು. ತೋಟದ ಜೀಪು ಹಾರನ್ ಹಾಕುತ್ತಿತ್ತು. ಅವಳು ಓಡಿ ಹೋಗಿ ಹತ್ತಿದಳು. ನಾನು ಗಂಟೆ ಹೊಡೆದು ಬಂದು ಮತ್ತೆ ಅಲ್ಲೇ ನಿಂತೆ.

ಮುಂದಿನ ಸರದಿ ಅಜ್ಜಿಯದು. ಅಜ್ಜಿ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿ ಎತ್ತಿದಳು. ಗುಮಾಸ್ತರು "ತಡಿ ಅಜ್ಜಿ" ಎಂದರು. ಹೆಬ್ಬೆಟ್ಟಿನ ಕಾಗದಕ್ಕೆ ಒಂದು ಕ್ರಮವಿದೆ. ಬರೆದದ್ದನ್ನು ಒತ್ತುವವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. 'ಓದಿ ಹೇಳಲಾಗಿ, ಸರಿಯೆಂದು ಒಪ್ಪಿ ಒತ್ತಿದ ಹೆಬ್ಬೆಟ್ಟು' ಎಂದು ಕೆಳಗೆ ಬರೆದು, ಸಾಕ್ಷಿ ಹಾಕಿಸಬೇಕು. ಸಹಿ ಹಾಕುವವರಿಗೆ ಇದು ಇಲ್ಲ. ಸಹಿ ಹಾಕಿದವರು ಓದಿಯೇ ಹಾಕಿರುತ್ತಾರೆ. ಆ ಗುಮಾಸ್ತರು ಹಳೆಯ ಕಾಲದವರು, ಕ್ರಮ ಬಿಡುವವರಲ್ಲ. ಕನ್ನಡಕ ಸರಿಮಾಡಿಕೊಂಡು ಓದಿದರು:

"'...ಸದರಿ ಮನೆಯಲ್ಲಿ ನಾನು ಎಸ್ಟೇಟ್ ಮಾಲೀಕರ ಅನುಮತಿಯಿಂದ ವಾಸವಿದ್ದು, ಜಾಗದ ಮೇಲೆ ನನಗೆ ಯಾವುದೇ ಹಕ್ಕು ಇರುವುದಿಲ್ಲ. ನನ್ನ ಅರ್ಜಿಯನ್ನು ಸ್ವಇಚ್ಛೆಯಿಂದ ಹಿಂಪಡೆಯುತ್ತೇನೆ.'"

ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಎಂತ ಹಿಂಪಡೆಯೋದು? ಯಾರ ಜಾಗ? ರೈಟರಪ್ಪಾ, ನಿನ್ನ ಮನೆ ಹಾಳಾಗ! ಈ ಕಾಗದ ನೀನೇ ಇಟ್ಕೊಂಡು ಒಲೆ ಹಚ್ಚು."

ರೈಟರ್ ನಗುತ್ತ ಆ ಕಾಗದವನ್ನು ಫೈಲಿಗೆ ಸೇರಿಸಿಕೊಂಡರು. ನಾನು ಆಗ ಆ ನಾಲ್ಕು ಹೆಜ್ಜೆ ನಡೆದೆ. ಅವಳ ಕಾಗದ ತೋರಿಸಿ ಎಂದೆ. ಗುಮಾಸ್ತರು ತೋರಿಸಿದರು. ಅದೇ ಒಕ್ಕಣೆ. ಕೆಳಗೆ ಅವಳ ಸಹಿ, ಬರಹಕ್ಕೆ ಎದುರಾಗಿ, ತಲೆಕೆಳಗಾಗಿ ನಿಂತಿತ್ತು. "ನಂಬರ್ ಬಿದ್ದಿದೆ ಮೇಷ್ಟ್ರೆ, ವಾಪಸ್ ಕೊಡೋಕೆ ನಂಗೆ ಅಧಿಕಾರ ಇಲ್ಲ" ಎಂದರು ಗುಮಾಸ್ತರು. ಅದನ್ನು ಅವರೂ ಓದಿದ್ದು ಆಗಲೇ. "ಆಕೆಗೆ ಓದು ಬರ್ತದೆ ಅಂತ ನೀವೇ ಬರ್ಕೊಟ್ಟಿದೀರಲ್ಲ?"

ಸಂಜೆ ಅವಳ ಮನೆಗೆ ಹೋಗಿ ಹೇಳಿದೆ. ಅವಳಿಗೆ ಅರ್ಥವಾಗಲು ತುಂಬ ಹೊತ್ತು ಹಿಡಿಯಿತು. "ಅಳತೆಗೆ ಅಂದ್ರಲ್ಲ" ಎಂದು ಮೂರು ಸಲ ಹೇಳಿದಳು. ಮರುದಿನ ಅವಳ ಹೆಸರಿನಲ್ಲಿ ತಕರಾರು ಅರ್ಜಿ ಬರೆದುಕೊಂಡು ಮತ್ತೆ ಅವಳ ಮನೆಗೆ ಹೋದೆ. ನನಗೆ ಓದು ಬರುವುದಿಲ್ಲ, ಓದಿ ಹೇಳದೆ ಸಹಿ ಹಾಕಿಸಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಅದಕ್ಕೆ ಸಹಿ ಹಾಕಿದರೆ ಸರಿಕಾಣದೆಂದು ಇಂಕ್ ಪ್ಯಾಡ್ ಮುಂದಿಟ್ಟೆ.

ಅವಳು ಪ್ಯಾಡನ್ನೂ ನನ್ನನ್ನೂ ನೋಡಿದಳು. "ಹೆಬ್ಬೆಟ್ಟಾ? ಅದನ್ನ ಬಿಡಿಸಿದ್ದು ನೀವೇ ಅಲ್ವಾ ಮೇಷ್ಟ್ರೆ?"

ಒತ್ತಿದಳು. ಹದಿನೈದು ದಿನಕ್ಕೆ ಅರ್ಜಿ ವಾಪಸ್ಸು ಬಂತು. ಅರ್ಜಿದಾರರು ಸಾಕ್ಷರರೆಂದು ದಾಖಲೆಯಲ್ಲಿದೆ, ಸಹಿ ಮಾಡಿ ಸಲ್ಲಿಸುವುದು ಎಂದು ಮೇಲೆ ಷರಾ ಇತ್ತು. ತನಗೆ ಓದು ಬರುವುದಿಲ್ಲವೆಂಬ ಅರ್ಜಿಗೆ ಅವಳು ಸಹಿ ಹಾಕಿದಳು. ಹಾಗೆ ಸಲ್ಲಿಸಿದೆವು.

ಶಾಲೆ ತೆರೆದ ಮೂರನೇ ವಾರ ವಿಚಾರಣೆಗೆ ಕರೆದರು. ಅದರ ಹಿಂದಿನ ಸಂಜೆ ನಾನು ಒಂದು ಹೇಳಿಕೆ ಬರೆದೆ. ಪರೀಕ್ಷೆಯ ಉತ್ತರ ನಾನೇ ಬರೆದದ್ದು, ಪ್ರಮಾಣಪತ್ರ ಸುಳ್ಳು, ಆಕೆಗೆ ತನ್ನ ಹೆಸರಿನ ಹೊರತು ಒಂದು ಪದವೂ ಓದಲು ಬರುವುದಿಲ್ಲ. ಅದನ್ನು ಕೊಟ್ಟರೆ ನನ್ನ ಕೆಲಸ ಹೋಗಬಹುದೆಂದು ಗೊತ್ತಿತ್ತು. ಕೊಡುವುದೆಂದು ನಿರ್ಧರಿಸಿಯೇ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಅವಳಿಗೂ ಹೇಳಿಕೊಟ್ಟೆ: ಕೇಳಿದರೆ ಓದು ಬರುವುದಿಲ್ಲ ಎನ್ನಬೇಕು, ಅಷ್ಟೆ. "ಆಯ್ತು" ಎಂದಳು. ಸಾಕ್ಷಿ ಹೇಳಲು ಅಜ್ಜಿಯೂ ಬಂದಿದ್ದಳು.

ಕಚೇರಿಯ ಜಗುಲಿಯಲ್ಲಿ ಮುಕ್ಕಾಲು ಗಂಟೆ ಕಾದೆವು. ರೈಟರ್ ಅಲ್ಲೇ ಇದ್ದರು. ನನಗೆ ನಮಸ್ಕಾರ ಹೇಳಿ, ಪಕ್ಕದಲ್ಲಿದ್ದವರಿಗೆ ಎಂಬಂತೆ, ಅವಳಿಗೆ ಕೇಳಿಸುವ ಹಾಗೆ ಹೇಳಿದರು:

"ಸುಳ್ಳು ಸರ್ಟಿಫಿಕೇಟ್ ಕೊಟ್ಟೆ ಅಂತ ಬಾಯಿಬಿಟ್ರೆ ಕೇಸ್ ಆಗ್ತದೆ. ಸರ್ಕಾರಿ ನೌಕರ ಬೇರೆ. ಒಳಗೇ ಹಾಕ್ತಾರೆ. ಆ ಶಾಲೆಗೆ ಇರೋದು ಒಬ್ಬ ಮೇಷ್ಟ್ರು. ಬಾಗಿಲು ಹಾಕ್ಕೊಂಡು ಹೋಗೋದೇ."

ಅವಳು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ್ದನ್ನು ನೋಡಿದೆ.

ಒಳಗೆ ಅಧಿಕಾರಿ ಮೇಜಿನ ಹಿಂದೆ ಕೂತಿದ್ದರು. ಒಬ್ಬ ಟೈಪಿಸ್ಟ್ ಹೆಣ್ಣುಮಗಳು ಅವರ ಎಡಕ್ಕೆ. ಬಲಕ್ಕೆ ಶಿಬಿರಕ್ಕೆ ಬಂದಿದ್ದ ಅದೇ ಗುಮಾಸ್ತರು. ಮೇಜಿನ ಈಚೆ ಅವಳು, ಅವಳ ಬಲಕ್ಕೆ ನಾನು, ಎಡಕ್ಕೆ ಅಜ್ಜಿ. ರೈಟರ್ ಬಾಗಿಲ ಬಳಿ. ಅಧಿಕಾರಿ ಮುಂಗೋಪಿಯಲ್ಲ, ಕಾಗದ ನೋಡಿ ಮಾತಾಡುವ ಮನುಷ್ಯ. ಸಹಿ ತಲೆಕೆಳಗಾಗಿರುವುದನ್ನು ನಾನು ತೋರಿಸಿದೆ. "ಮೇಜಿನ ಆಚೆ ನಿಂತು ಹಾಕಿದಾರೆ, ಅಷ್ಟಕ್ಕೆ ಓದಿಲ್ಲ ಅಂತ ಹೇಳೋಕಾಗಲ್ಲ" ಎಂದರು. ಪ್ರಮಾಣಪತ್ರ ಎತ್ತಿ ಹಿಡಿದರು.

"ಇದು ನಿಮ್ಮ ಸಹಿನಾ?"

"ಹೌದು ಸರ್."

"ಈಕೆಗೆ ಓದೋಕೆ ಬರ್ತದೆ ಅಂತ ಇದೆ. ನಿಜವಾ, ಸುಳ್ಳಾ?"

ನನ್ನ ಕೈ ಜೇಬಿಗೆ ಹೋಗಿತ್ತು. ಕಾಗದದ ಮಡಿಕೆ ಬೆರಳಿಗೆ ಸಿಕ್ಕಿತ್ತು.

"ಬರ್ತದೆ ಸ್ವಾಮಿ" ಎಂದಳು ಅವಳು. "ಮೇಷ್ಟ್ರು ಚೆನ್ನಾಗಿ ಕಲಿಸಿದಾರೆ."

ಕೈಚೀಲದಿಂದ ಪುಸ್ತಕ ತೆಗೆದಳು. ಅದನ್ನು ಅವಳು ಎಲ್ಲಿಗೆ ಹೋದರೂ ಒಯ್ಯುತ್ತಿದ್ದಳು. ನಾಲ್ಕನೇ ಪಾಠ ತೆರೆದು, ಬೆರಳಿಟ್ಟು, ಶುರುಮಾಡಿದಳು. "ಬಸವನ ಮನೆ. ಮನೆಯ ಮುಂದೆ ಮರ. ಮರದ ನೆರಳು ತಂಪು..." ತಡವರಿಸಲಿಲ್ಲ. ತರಗತಿಯಲ್ಲಿ ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆನೋ ಅಲ್ಲೇ ಉಸಿರು ತೆಗೆದುಕೊಂಡಳು. ಅವಳು ಐದನೇ ಸಾಲು ಹೇಳುವಾಗ ಬೆರಳು ಇನ್ನೂ ಎರಡನೇ ಸಾಲಿನಲ್ಲಿತ್ತು. ಅದು ನನಗೆ ಕಾಣುತ್ತಿತ್ತು. ಅಜ್ಜಿಗೂ ಕಾಣುತ್ತಿತ್ತು, ಆದರೆ ಅಜ್ಜಿಗೆ ಓದು ಬರುವುದಿಲ್ಲ. ನಾನು ಮತ್ತು ಬಾಗಿಲ ಬಳಿಯ ರೈಟರ್ ಬಿಟ್ಟರೆ ಓದು ಬರುವವರೆಲ್ಲ ಮೇಜಿನ ಆಚೆಗಿದ್ದರು, ಪುಸ್ತಕದ ರಟ್ಟು ಅವರಿಗೆ ಅಡ್ಡವಾಗಿತ್ತು.

ಪುಟ ಮುಗಿಯುವ ಒಂದು ಪದ ಮೊದಲೇ ಅವಳು ಹಾಳೆ ತಿರುವಿದಳು. "ಸಾಕು ಸಾಕು" ಎಂದರು ಅಧಿಕಾರಿ. ಅವರಿಗೆ ನಿಜವಾಗಿ ಸಂತೋಷವಾಗಿತ್ತು. "ಏನಮ್ಮ, ಇಷ್ಟು ಚೆನ್ನಾಗಿ ಓದ್ತೀಯ, ಮತ್ತೆ ಓದೋಕೆ ಬರಲ್ಲ ಅಂತ ಅರ್ಜಿ ಕೊಡ್ತೀಯಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವೇನಾದ್ರೂ ಹೇಳೋದಿದ್ಯಾ?"

ಬೇರೆ ಪುಟ ಕೊಟ್ಟು ಓದಿಸಿ ಎನ್ನಬೇಕಿತ್ತು. ಮೇಜಿನ ಮೇಲೆ ಆ ದಿನದ ಪತ್ರಿಕೆ ಬಿದ್ದಿತ್ತು, ಅದರ ಒಂದು ತಲೆಬರಹ ಸಾಕಿತ್ತು. ಜೇಬಿನಲ್ಲಿ ಕಾಗದವಿತ್ತು. ಅಧಿಕಾರಿ ಕಾದರು, ಅವಸರ ಮಾಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಭಯವಾಯಿತೆಂದು ಬರೆದರೆ ಅದು ಪೂರ್ತಿ ನಿಜವಲ್ಲ. ಭಯ ಜಗುಲಿಯಲ್ಲಿತ್ತು. ಅವಳು ಓದಿದಂತೆ ಹೇಳಿ ಮುಗಿಸಿದಾಗ ನನಗೆ ಆದದ್ದು ಸಮಾಧಾನ.

"ಇಲ್ಲ ಸರ್" ಎಂದೆ.

ಟೈಪಿಸ್ಟ್ ಅದನ್ನು ಬೆರಳಚ್ಚು ಮಾಡಿದಳು.

ಹೊರಗೆ ಬಂದು ಬಸ್ ನಿಲ್ದಾಣದ ಕಡೆ ನಡೆಯುವಾಗ ಅವಳು ಕೇಳಿದಳು, "ಒಂದೂ ತಪ್ಪಿಲ್ಲ ಅಲ್ವಾ ಮೇಷ್ಟ್ರೆ?"

"ಇಲ್ಲ" ಎಂದೆ. ಅದು ಆ ದಿನದ ನನ್ನ ಎರಡನೇ ಇಲ್ಲ.

ಅಜ್ಜಿಗೆ ಸಿಟ್ಟು ತಡೆಯಲಾಗಲಿಲ್ಲ. "ಎಂತ ಹುಚ್ಚೇ ನಿಂಗೆ? ಬರಲ್ಲ ಅಂದಿದ್ರೆ ಮುಗೀತಿತ್ತು. ಮನೆ ಹೋಯ್ತಲ್ಲೇ!"

"ಹೋದ್ರೆ ಹೋಗ್ಲಿ ಬಿಡಜ್ಜಿ. ಎಸ್ಟೇಟಿನ ಕೂಲಿ ಲೈನಿನಲ್ಲಿ ಒಂದು ಕೋಣೆ ಸಿಗ್ತದೆ. ಮೇಷ್ಟ್ರನ್ನ ಹಿಡ್ಕೊಂಡು ಹೋದ್ರೆ ಮಗು ಎಲ್ಲಿ ಓದೋದು?"

ನಾನು ಅವರಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಹೇಳಿಕೆ ಇನ್ನೂ ಜೇಬಿನಲ್ಲಿತ್ತು. ಮರಳಿ ಹೋಗಿ ಕೊಡಬಹುದಿತ್ತು. ಕಚೇರಿ ಐದೂವರೆಯವರೆಗೆ ತೆರೆದಿರುತ್ತದೆ. ಆಗ ಗಂಟೆ ಒಂದೂ ಆಗಿರಲಿಲ್ಲ.

ಆಗಸ್ಟಿನಲ್ಲಿ ಆದೇಶ ಬಂತು. ಅರ್ಜಿದಾರರು ಸ್ವಇಚ್ಛೆಯಿಂದ ಹಿಂಪಡೆದಿರುವುದರಿಂದ ಅರ್ಜಿ ಮುಕ್ತಾಯ. ಮಳೆ ಬಿಟ್ಟ ಮೇಲೆ ತಗಡು ಇಳಿಸಿ, ಜೆಸಿಬಿ ಹತ್ತಿಸಿದರು. ಅಜ್ಜಿಯ ಮನೆಯನ್ನು ಮುಟ್ಟಲಾಗದೆ ದಾರಿ ಸ್ವಲ್ಪ ಡೊಂಕಾಯಿತು, ಅಷ್ಟೆ. ಲೈನಿನಲ್ಲಿ ಅವಳಿಗೆ ಕೋಣೆ ಸಿಗಲಿಲ್ಲ. ಕಳಸದ ಆಚೆ ಯಾವುದೋ ತೋಟದಲ್ಲಿ ಕೆಲಸ ಸಿಕ್ಕಿತೆಂದು ಮಗಳ ವರ್ಗಾವಣೆ ಪತ್ರಕ್ಕೆ ಶಾಲೆಗೆ ಬಂದಳು. ಹತ್ತಿರ ಶಾಲೆ ಇದೆಯೇ ಎಂದು ಕೇಳಿದೆ. ಆರು ಮೈಲಿ ಅಂದರಂತೆ, ನೋಡಬೇಕು ಎಂದಳು. ಪತ್ರ ಬರೆದು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಅವಳು ನಕ್ಕಳು. "ನೀವು ಬರೆದಿದ್ದಲ್ವಾ, ಓದಿ ಹೇಳೋದೆಂತಕ್ಕೆ?" ಎಂದು ಸಹಿ ಹಾಕಿದಳು.

ಆ ಮಗು ಆರು ಮೈಲಿ ದೂರದ ಶಾಲೆಗೆ ಸೇರಲಿಲ್ಲ. ದಾಖಲೆ ಕೇಳಿ ಯಾವ ಶಾಲೆಯಿಂದಲೂ ನನಗೆ ಪತ್ರ ಬರಲಿಲ್ಲ. ಮುಂದಿನ ಕೊಯ್ಲಿನಲ್ಲಿ ಅವಳು ತಾಯಿಯ ಜೊತೆ ಹಣ್ಣು ಬಿಡಿಸುತ್ತಿದ್ದಳೆಂದು, ಆ ಕಡೆ ಕೆಲಸಕ್ಕೆ ಹೋಗಿಬಂದವರು ಹೇಳಿದರು. ನಾನು ಇಂದಿಗೂ ಅದೇ ಶಾಲೆಯ ಮೇಷ್ಟ್ರು. ಈಗ ಹನ್ನೊಂದು ಮಕ್ಕಳಿದ್ದಾರೆ. ನಮ್ಮ ಹೋಬಳಿ ದಾಖಲೆಯಲ್ಲಿ ಇನ್ನೂ ಪೂರ್ಣ ಸಾಕ್ಷರವಾಗಿಯೇ ಇದೆ.

ಇದನ್ನು ಬರೆದದ್ದು ನನ್ನ ಮಾತನ್ನು ನಂಬಿ ಎಂದು ಕೇಳಲು ಅಲ್ಲ. ನನ್ನ ಸಹಿಗೆ ಎಷ್ಟು ಬೆಲೆಯೆಂದು ಮೇಲೆ ಹೇಳಿದ್ದೇನೆ. ಬೇರೆಯವರನ್ನು ಕೇಳಬಹುದು. ರೈಟರ್ ಈಗಿಲ್ಲ, ಕಳೆದ ವರ್ಷ ತೀರಿಕೊಂಡರು. ಅಧಿಕಾರಿ ವರ್ಗವಾಗಿ ಹೋದರು. ಬಯಲುಸೀಮೆಯ ಕಡೆ ಇದ್ದಾರೆ. ಗುಮಾಸ್ತರು ನಿವೃತ್ತರಾಗಿ ಚಿಕ್ಕಮಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ, ನೆನಪು ಚೆನ್ನಾಗಿದೆ. ಟೈಪಿಸ್ಟ್ ಅದೇ ಕಚೇರಿಯಲ್ಲಿದ್ದಾಳೆ. ಅಜ್ಜಿ ಡೊಂಕು ದಾರಿಯ ಪಕ್ಕದ ಮನೆಯಲ್ಲೇ ಇದ್ದಾಳೆ, ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕೊನೆಯ ಮನೆಯವಳು ಕಳಸದ ಆಚೆ ಇದ್ದಾಳೆ, ಮಗಳೂ ಇದ್ದಾಳೆ.